ಕಾಶೆವ್ವನ ಕೈತುತ್ತು

ಮುಂಡಗೋಡ ಹತ್ತಿರದ ಇಂದೂರಿನ ಕಾಶೆವ್ವ ಕಾಕಿಯ ಮನೆ ಮುಂದೆ ಹಸಿದ ಹೊಟ್ಟೆಯಲ್ಲಿ ಯಾರೂ ಹಾದುಹೋದದ್ದಿಲ್ಲ. ಅವಳು ಬಿಟ್ಟರೆ ತಾನೇ ಹಾದುಹೋಗುವುದು? ಜನಗಣತಿಗೆ ಬಂದ ಮಾಸ್ತರು ಮನೆಯಲ್ಲಿ ಎಷ್ಟು ಮಂದಿ ಅಂತ ಕೇಳಲು ಬಾಯಿ ತೆರೆದರೆ, ಉತ್ತರಕ್ಕಿಂತ ಮೊದಲು ರೊಟ್ಟಿ, ಝುಣಕ, ಕೆನೆಮೊಸರು ಬಂದು ಮುಂದೆ ಕೂತಿದ್ದವು. "ಸಾಕ್ರಿ" ಅಂದವರ ತಾಟಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. "ಒಲ್ಲೆರಿ" ಅಂದವರ ಬಾಯಿಗೆ ನೇರವಾಗಿ ತುತ್ತೇ ಹೋಗುತ್ತಿತ್ತು. ತಪ್ಪಿಸಿಕೊಳ್ಳುವ ಉಪಾಯ ಒಂದೇ, ಸುಮ್ಮನೆ ಉಣ್ಣುವುದು. ಇದನ್ನು ನಾನು ಕಂಡು ಹೇಳುತ್ತಿಲ್ಲ, ಉಂಡು ಹೇಳುತ್ತಿದ್ದೇನೆ.

ನಾನು ದುರ್ಗಾ, ಊರಾಚೆಯ ಲಂಬಾಣಿ ತಾಂಡಾದವಳು. ನನ್ನ ಅಪ್ಪ ಪಾಂಡಪ್ಪ, ಅವ್ವ ಕಾಳಿಬಾಯಿ, ಇಬ್ಬರೂ ಕಾಕಿಯ ಗಂಡ ದ್ಯಾಮಪ್ಪ ಕಾಕಾನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಕಾಕಾ ಕಾಕಿಯ ಒಬ್ಬಳೇ ಮಗಳು ಸುನಂದಾ ಮತ್ತು ನಾನು ಸಾಲೆಯಲ್ಲಿ ಒಂದೇ ಬೆಂಚು. ಮೊದಲ ಸಲ ಅವಳ ಜೊತೆ ಅವರ ಮನೆಗೆ ಹೋದಾಗ ನಾನು ಹೊರಗಿನ ಕಟ್ಟೆಯ ಮೇಲೆಯೇ ಕೂತೆ. ಊರೊಳಗಿನ ಮನೆಗಳಲ್ಲಿ ತಾಂಡಾದವರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ನಮಗೆ ಯಾರೂ ಬಾಯಿಬಿಟ್ಟು ಕಲಿಸಬೇಕಾಗಿರಲಿಲ್ಲ. ಅಷ್ಟರಲ್ಲಿ ಬಾಜೂಮನೆಯ ಮಾಲವ್ವ ತನ್ನ ಹೊಸ್ತಿಲಲ್ಲಿ ನಿಂತು, "ಕಾಶೆವ್ವಾ, ಆ ಹುಡುಗಿಗೆ ಎಲಿ ಮ್ಯಾಲೆ ಹಾಕಿ ಕೊಡವಾ, ತಾಟು ಗೀಟು ಕೊಟ್ಟೀ ಮತ್ತ" ಅಂದಳು. ಕಾಕಿ ತಾಟನ್ನೂ ತರಲಿಲ್ಲ, ಎಲೆಯನ್ನೂ ತರಲಿಲ್ಲ. ರೊಟ್ಟಿ ಪಲ್ಯ ಕೈಯಲ್ಲೇ ಹಿಡಿದು ಬಂದು, ಓಣಿಗೆಲ್ಲ ಕಾಣುವಂತೆ ನನ್ನ ಪಕ್ಕ ಕೂತು, ಮುರಿದು ಮುರಿದು ನನ್ನ ಬಾಯಿಗಿಟ್ಟಳು. ನಡುವೆ ತಲೆ ಎತ್ತಿ, "ಮಾಲವ್ವಾ, ನಿನಗೂ ಒಂದು ತುತ್ತು ಬೇಕೇನ?" ಅಂತ ಕೇಳಿದಳು. ಮಾಲವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಉಂಡ ಊಟಗಳಲ್ಲಿ ಅದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ.

ಉಣಿಸುವ ಈ ಹುಚ್ಚು ಅವಳಿಗೆ ತವರಿನಿಂದ ಬಂದದ್ದು. ಕಾಕಿ ಸಾಂಬ್ರಾಣಿ ಎಂಬ ಊರಿನ ಗಾಣಿಗರ ಮಗಳು. ಮನೆಯ ಹಿಂದೆಯೇ ಎತ್ತಿನ ಗಾಣ. ಸೇಂಗಾ, ಗುರೆಳ್ಳು, ಕುಸುಬಿ ಅರೆದು ಎಣ್ಣೆ ಇಳಿಸಿದ ಮೇಲೆ ಗಾಣದ ಒರಳಿನಲ್ಲಿ ಉಳಿಯುವುದೇ ಹಿಂಡಿ. ದನಗಳಿಗೆ ಅದು ಹಬ್ಬದೂಟ. ಗಾಣಿಗರ ಮಕ್ಕಳಿಗೂ ಅಷ್ಟೇ. ಅವಳಪ್ಪ ಬಿಸಿ ಹಿಂಡಿ ಮುರಿದು, ಅದರ ಮೇಲೆ ಬೆಲ್ಲ ಇಟ್ಟು, ಸಾಲಾಗಿ ನಿಂತ ಮಕ್ಕಳ ಕೈಗೆ ಹಂಚುತ್ತಿದ್ದನಂತೆ. ಅದನ್ನು ಹೇಳುವಾಗ ಕಾಕಿಯ ಬಾಯಲ್ಲಿ ಈಗಲೂ ನೀರೂರುತ್ತಿತ್ತು. "ನಿಮ್ಮ ಪೇಢೆ ಗೀಢೆ ಎಲ್ಲಾ ಅದರ ಮುಂದ ಏನೂ ಅಲ್ಲ ನೋಡು, ದುರ್ಗಿ" ಅನ್ನುತ್ತಿದ್ದಳು.

ದ್ಯಾಮಪ್ಪ ಕಾಕಾ ಮಾತಿಗೆ ಬಡವ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಕಾಕಾನಿಗೆ ಉಣ್ಣಿಸಲು ಕಾಕಿ ಇದ್ದಳು, ಜಗಳಕ್ಕೆ ಬೇಕಾದಷ್ಟು ಮಾತೇ ಅವನ ಹತ್ತಿರ ಇರಲಿಲ್ಲ. ಮನೆಯಲ್ಲಿ ಮಾತು ಅಂದರೆ ಸುನಂದಾನದು. ಒಂದು ದಿನ ಸಾಲೆಯಿಂದ ಬರುವಾಗ ದಾರಿಯ ಗಟಾರದಲ್ಲಿ ಬಿದ್ದಿದ್ದ ಕೆಂಚು ನಾಯಿಮರಿಯನ್ನು ಎತ್ತಿ ಲಂಗದಲ್ಲಿ ಸುತ್ತಿಕೊಂಡು ಬಂದಳು. ಅದು ದೊಡ್ಡದಾದಂತೆ ಕಟ್ಟೆಯ ಮೇಲೆ ಮುಂಗಾಲಿನ ಮೇಲೆ ಮುಂಗಾಲು ಹಾಕಿ, ಹೋಗಿಬರುವವರನ್ನು ಕಣ್ಣರ್ಧ ಮುಚ್ಚಿ ನೋಡುತ್ತ ಕೂರುತ್ತಿತ್ತು. ಅದಕ್ಕೇ ಸುನಂದಾ ಅದಕ್ಕೆ ಸಾವ್ಕಾರ ಅಂತ ಹೆಸರಿಟ್ಟಳು. ಅದೇ ವರ್ಷ ಯಾರದೋ ಮನೆಯಿಂದ ಗುಲಾಬಿಯ ಟೊಂಗೆ ಬೇಡಿ ತಂದು ಹಿತ್ತಲಲ್ಲಿ ನೆಟ್ಟಳು. ಅದು ಬೇರು ಹತ್ತಿ ಪೊದೆಯಂಥ ಕಂಟಿಯಾಯಿತು. ದೀಪಾವಳಿ ಆದ ಮೇಲೆ ಬರುವ ಗೌರಿ ಹುಣ್ಣಿಮೆಯ ಸಂಜೆ ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹೊರಟಾಗ ಅದರ ಮೊದಲ ಹೂ ಅವಳ ಜಡೆಯಲ್ಲಿತ್ತು, ಎರಡನೆಯದು ನನ್ನ ಜಡೆಯಲ್ಲಿ.

ತೊಂಬತ್ತಾರರ ಮಳೆಗಾಲದಲ್ಲಿ ಸುನಂದಾನಿಗೆ ಜ್ವರ ಬಂತು. ನೆತ್ತಿಗೇರಿತು ಅಂದರು. ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟಳು. ನಾವಾಗ ಹತ್ತನೇ ಇಯತ್ತೆಯಲ್ಲಿದ್ದೆವು. ಅವಳನ್ನು ಅವರ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ಅದರ ಬಗ್ಗೆ ಇನ್ನೂ ಬರೆಯುವುದು ನನ್ನಿಂದ ಆಗುವುದಿಲ್ಲ.

ಆಮೇಲೆ ಆ ಮನೆಯಲ್ಲಿ ಸುನಂದಾನದು ಅಂತ ಜೀವ ಇರುವ ಎರಡೇ ಉಳಿದವು, ಸಾವ್ಕಾರ ಮತ್ತು ಗುಲಾಬಿ ಕಂಟಿ. ಕಾಕಿ ಅವೆರಡನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ನಾಯಿಗೆ ಹಾಲುರೊಟ್ಟಿ ಕಲಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅದೂ ನೆಲದ ಮೇಲೆ ಹಾಕಿದರೆ ಮೂಸಿಯೂ ನೋಡುತ್ತಿರಲಿಲ್ಲ, ಕೈಯಿಂದಲೇ ಬೇಕು. "ಹೆಸರಿಗೆ ತಕ್ಕಂಗ ಐತಿ ಮಗ" ಅಂತ ಕಾಕಾ ವರ್ಷಕ್ಕೊಮ್ಮೆ ಆಡುವ ಮಾತು ಆಡುತ್ತಿದ್ದ. ಪ್ರತಿ ಗೌರಿ ಹುಣ್ಣಿಮೆಗೂ ಕಾಕಿ ಓಣಿಯ ಹುಡುಗಿಯರನ್ನೆಲ್ಲ ಕರೆದು, ಕಟ್ಟೆಯ ಮೇಲೆ ಕೂರಿಸಿಕೊಂಡು, ಒಬ್ಬೊಬ್ಬರ ಜಡೆಗೂ ಆ ಕಂಟಿಯ ಹೂ ಮುಡಿಸುತ್ತಿದ್ದಳು. ಅವತ್ತು ಮಾತ್ರ ಅವಳ ಮುಖದಲ್ಲಿ ಹಳೆಯ ಕಳೆ ಬರುತ್ತಿತ್ತು. ನಾನು ಹೊಲಿಗೆ ಕಲಿತು ತಾಂಡಾದಲ್ಲೇ ಮಶೀನು ಇಟ್ಟುಕೊಂಡಿದ್ದೆ. ಗುಂಡಿ, ಹುಕ್ಕು ಹಚ್ಚುವ ಕೈಕೆಲಸವನ್ನು ಮಾತ್ರ ಕಾಕಿಯ ಕಟ್ಟೆಗೆ ತಂದು ಮಾಡುತ್ತಿದ್ದೆ.

ಎರಡು ಸಾವಿರದ ಒಂದರಲ್ಲಿ ಕಂಟಿ ಸೊರಗಿತು. ಎಲೆ ಹಳದಿಯಾಗಿ ಉದುರಿದವು. ಮೊಗ್ಗು ಕಟ್ಟಿದ್ದು ಅರಳದೆ ಕಪ್ಪಾಗಿ ಬೀಳುತ್ತಿತ್ತು. ಶೀಗಿ ಹುಣ್ಣಿಮೆ ಮುಗಿದಿತ್ತು, ಗೌರಿ ಹುಣ್ಣಿಮೆಗೆ ಇನ್ನೊಂದೇ ತಿಂಗಳು. ಕಾಕಿಗೆ ಊಟ ಇಳಿಯದಾಯಿತು. "ಅದೂ ಹೋದರ ನಾ ಏನ ಮಾಡಲಿ, ದುರ್ಗಿ?" ಅನ್ನುತ್ತಿದ್ದಳು. ದಾರ ತರಲು ನಾನು ಮುಂಡಗೋಡಕ್ಕೆ ಹೊರಟಾಗ ನನ್ನ ಜೊತೆ ಟೆಂಪೋ ಹತ್ತಿದಳು.

ಗೊಬ್ಬರದ ಅಂಗಡಿಯ ನಾಗಲಿಂಗಪ್ಪ ಎಲ್ಲ ಕೇಳಿ, "ಎಲುಬಿನ ಪುಡಿ ಹಾಕ್ರಿ, ಗುಲಾಬಿಗೆ ಅದರಂಥಾದ್ದು ಇಲ್ಲ" ಅಂದ.

ಕಾಕಿ ಎರಡು ಹೆಜ್ಜೆ ಹಿಂದೆ ಸರಿದಳು. "ಎಲುಬೇನ್ರಿ? ಲಿಂಗ ಕಟ್ಟಿದ ಮನಿಗೆ ಎಲುಬು ಹೆಂಗ ಒಯ್ಯಲಿ? ಅದರ ಹೂ ನಾಳೆ ಗೌರವ್ವಗ ಏರಬೇಕ್ರಿ."

"ಹಂಗಾದ್ರ ಔಡಲ ಹಿಂಡಿ ಒಯ್ರಿ. ಬುಡಕ್ಕ ಹಾಕಿ ಮಣ್ಣು ಮುಚ್ಚರಿ."

ಹಿಂಡಿ ಅಂದದ್ದೇ ತಡ, ಕಾಕಿಯ ಮುಖ ಅರಳಿತು. ಪರವೂರಿನಲ್ಲಿ ತವರಿನವರು ಸಿಕ್ಕ ಹಾಗೆ. "ಹಿಂಡಿ ಅನ್ನರಿ ಮತ್ತ, ಅದನ್ನ ಬಿಟ್ಟು ಎಲುಬು ಗಿಲುಬು ಅಂತೀರಿ" ಅಂದಳು. ನಾಗಲಿಂಗಪ್ಪ ಚೀಲದ ಬಾಯಿ ಕಟ್ಟುತ್ತ, "ದನಕ್ಕ ಹಾಕಬ್ಯಾಡ್ರಿ ಮತ್ತ" ಅಂತ ಹೇಳಿದ. ಹೇಳಲಿಲ್ಲ ಅನ್ನುವಂತಿಲ್ಲ. "ಗೊತ್ತೈತ್ರಿ, ಹೊಟ್ಟಿ ಜಾಡಸ್ತೈತಿ" ಅಂದಳು ಕಾಕಿ. ಭೇದಿಯಾಗುತ್ತದೆ ಎಂಬುದು, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಮಗೆಲ್ಲ ಗೊತ್ತಿದ್ದದ್ದೂ ಅಷ್ಟೇ. ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ? ಕೂಸಿನ ನೆತ್ತಿಗೆ ಒತ್ತುತ್ತೇವೆ, ಹೊಟ್ಟೆ ಕಟ್ಟಿದರೆ ಒಂದು ಚಮಚೆ ಕುಡಿಸುತ್ತೇವೆ. ಕೂಸಿಗೆ ಕುಡಿಸುವ ಎಣ್ಣೆಯ ಹಿಂಡಿ ಇನ್ನೇನು ಮಾಡೀತು? ಅವಳ ತವರಿನ ಗಾಣದಲ್ಲಿ ಔಡಲ ಎಂದೂ ಹಾಕುತ್ತಿರಲಿಲ್ಲ. ಔಡಲ ಕಾಳನ್ನು ಮನೆಯಲ್ಲೇ ಕುಟ್ಟಿ ಕುದಿಸಿ ಎಣ್ಣೆ ತೇಲಿಸಿ ತೆಗೆಯುತ್ತಿದ್ದರು. ಹಾಗಾಗಿ ಗಾಣದ ಮನೆಯಲ್ಲಿ ಹುಟ್ಟಿದವಳಾದರೂ ಆ ಒಂದು ಹಿಂಡಿಯ ಗುಣ ಅವಳು ಕಂಡಿರಲಿಲ್ಲ.

ಎಮ್ಮೆಗೆ ಸಿಗಬಾರದೆಂದು ಚೀಲವನ್ನು ಅಟ್ಟದ ಮೇಲಿಟ್ಟಳು. ಒಂದು ಪಾಲನ್ನು ಪುಡಿ ಮಾಡಿ ಗುಲಾಬಿಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದಳು. ನೆಲದ ಮೇಲಿನದನ್ನು ಮೂಸದ ಸಾವ್ಕಾರನಿಗೂ ಆ ವಾಸನೆ ಹಿಡಿಸಿತು. ಮರುದಿನ ಹೋಗಿ ನೋಡಿದರೆ ಬುಡ ಕೆದರಿ, ಮೂಗಿಗೆಲ್ಲ ಮಣ್ಣು ಮೆತ್ತಿಕೊಂಡು ನಿಂತಿದೆ. ಕಾಕಿ ಬೈದು ಓಡಿಸಿ ಮತ್ತೆ ಮಣ್ಣು ಮುಚ್ಚಿದಳು. ಅದು ಮತ್ತೆ ಹೋಯಿತು. ಇವಳು ಮತ್ತೆ ಓಡಿಸಿದಳು. ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತು ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದಾಗ ಸಾವ್ಕಾರ ಕಾಕಿಯ ಸೆರಗು ಹಿಡಿದು ಹಿತ್ತಲ ಕಡೆ ಎಳೆಯುತ್ತಿತ್ತು. ನನಗೆ ನಗು ಬಂತು. ಕಾಕಿಗೆ ತಡೆಯಲಾಗಲಿಲ್ಲ. ಬೇಡಿದ್ದನ್ನು ಕೊಡದೆ ಯಾರನ್ನಾದರೂ ಕಳಿಸಿ ಗೊತ್ತಿದ್ದರೆ ತಾನೇ ಅವಳಿಗೆ?

"ಮಣ್ಣಾಗಿಂದ ಯಾಕ ತಿಂತಿ, ನನ್ನಪ್ಪಾ? ನಾ ಕೊಡ್ತೇನಿ ಬಾ" ಅಂದಳು. ಅಟ್ಟದಿಂದ ಚೀಲ ಇಳಿಸಿದಳು. ಒಳ್ಳೆಯ ಹೆಂಟೆಯೊಂದನ್ನು ಆರಿಸಿ ಸೆರಗಿನಿಂದ ಒರೆಸಿ ಮುರಿದಳು. ಒಳಗೆ ಹೋಗಿ ಬೆಲ್ಲ ತಂದು ಅದರ ಮೇಲಿಟ್ಟು, ಅವಳಪ್ಪ ಅವಳಿಗೆ ಕೊಡುತ್ತಿದ್ದ ಹಾಗೆಯೇ, ಒಂದೊಂದೇ ಚೂರು ಸಾವ್ಕಾರನ ಬಾಯಿಗಿಟ್ಟಳು. ಅದು ಅವಳ ಅಂಗೈಯನ್ನೂ ನೆಕ್ಕಿತು. "ನೋಡು, ಗಾಣಿಗರ ಮೊಮ್ಮಗ" ಅಂತ ನನ್ನ ಕಡೆ ತಿರುಗಿ ನಕ್ಕಳು. ಅವಳು ಹಾಗೆ ಮನಸ್ಸು ಬಿಚ್ಚಿ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಮರುದಿನ ಬೆಳಿಗ್ಗೆ ಸಾವ್ಕಾರ ಕಟ್ಟೆಗೆ ಬರಲಿಲ್ಲ. ಎಮ್ಮೆಯ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದುಕೊಂಡಿತ್ತು. ವಾಂತಿಯಾಗಿತ್ತು, ಹೊಟ್ಟೆ ಕೆಟ್ಟಿತ್ತು. "ಹೊಟ್ಟಿ ತೊಳಕೊಂತು, ಇಳೀತೈತಿ" ಅಂದಳು ಕಾಕಿ. ಅನ್ನದ ಗಂಜಿಗೆ ಮಜ್ಜಿಗೆ ಬೆರೆಸಿ ಬಾಯಿಗಿಟ್ಟಳು. ಅದು ಕುಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಕ್ತ ಹೋಗತೊಡಗಿತು. ಆಗ ದ್ಯಾಮಪ್ಪ ಕಾಕಾ ಒಂದು ಗೋಣಿತಟ್ಟು ತಂದು, ನಾಯಿಯನ್ನು ಅದರಲ್ಲಿ ಮಲಗಿಸಿ ಎತ್ತಿಕೊಂಡು ಟೆಂಪೋ ನಿಲ್ಲುವಲ್ಲಿಗೆ ನಡೆದ. ನಾವಿಬ್ಬರೂ ಹಿಂದೆ ಓಡಿದೆವು. ಟೆಂಪೋದಲ್ಲಿ ಕೂತವರು ಮೂಗು ಮುಚ್ಚಿಕೊಂಡರು. ಕಾಕಿ ಯಾರ ಕಡೆಗೂ ನೋಡಲಿಲ್ಲ.

ಮುಂಡಗೋಡದ ದನದ ದವಾಖಾನೆಯ ಡಾಕ್ಟರು ಒಳ್ಳೆಯ ಮನುಷ್ಯರು. ಊಟಕ್ಕೆ ಎದ್ದಿದ್ದವರು ಮತ್ತೆ ಕೂತರು. ಸಲೈನು ಹಚ್ಚಿ, ಇಂಜೆಕ್ಷನ್ ಕೊಟ್ಟು, "ಏನ ತಿಂದೈತಿ?" ಅಂತ ಕೇಳಿದರು.

"ರೊಟ್ಟಿ ಹಾಲು ಬಿಟ್ಟರ ಏನೂ ತಿನ್ನೂದಿಲ್ರಿ" ಅಂದಳು ಕಾಕಿ. "ಹೊರಗಿಂದು ಮೂಸೂದೂ ಇಲ್ಲ. ನನ್ನ ಕೈಯಿಂದನ ತಿನ್ನೂದು."

"ಹೊಲಕ್ಕ, ಗಿಡಕ್ಕ ಏನರ ಔಷಧಿ ಹಾಕೀರೇನು?"

"ಔಷಧಿ ಇಲ್ರಿ. ಗುಲಾಬಿಗೆ ಹಿಂಡಿ ಹಾಕೇವಿ. ಅದನ್ನ ಒಂದೀಟು ತಿಂದೈತಿ."

"ಯಾವ ಹಿಂಡಿ?"

"ಔಡಲ ಹಿಂಡಿ ರೀ."

ಡಾಕ್ಟರ ಕೈ ನಾಯಿಯ ಹೊಟ್ಟೆಯ ಮೇಲೆಯೇ ನಿಂತಿತು. "ಎಷ್ಟು ತಿಂತು?" ಅಂತ ಕೇಳಿದರು. ಕಾಕಿ ತನ್ನ ಬಲಗೈ ಚಾಚಿ, ಅಂಗೈ ತುಂಬ ಅನ್ನುವಂತೆ ತೋರಿಸಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಎಣ್ಣಿ ಬ್ಯಾರೆ, ಹಿಂಡಿ ಬ್ಯಾರೆ, ಅವ್ವಾರ. ಔಡಲದಾಗಿನ ವಿಷ ಎಣ್ಣ್ಯಾಗ ಬರೂದಿಲ್ಲ, ಹಿಂಡ್ಯಾಗ ಉಳೀತೈತಿ. ಅದಕ್ಕ ಮದ್ದಿಲ್ಲ. ನನ್ನ ಕೈಲಾದ್ದು ಮಾಡೇನಿ. ಮನಿಗೆ ಒಯ್ರಿ, ಉಳಕೊಂಡರ ಪುಣ್ಯ."

ಕಾಕಿ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದನ್ನೇ ಮರೆತಿದ್ದಳು. ಕಾಕಾ ಅದನ್ನು ಹಿಡಿದು ಕೆಳಗಿಳಿಸಿದ.

ಆ ರಾತ್ರಿ ಕಳೆದು ಬೆಳಕು ಹರಿದ ಮೇಲೆ ನಾನು ಹೋದಾಗ ಕಾಕಿ ನಡುಮನೆಯಲ್ಲಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುನಂದಾನ ಹಳೆಯ ಲಂಗ ಅದಕ್ಕೆ ಹೊದಿಸಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, "ಸಪ್ಪಳ ಮಾಡಬ್ಯಾಡ. ಈಗ ನಿದ್ದಿ ಹತ್ತೇತಿ. ಹೊಯ್ಕೊಳ್ಳೂದು ನಿಂತೈತಿ ನೋಡು" ಅಂದಳು. ನಾನು ನೋಡಿದೆ. ಸಾವ್ಕಾರನ ಕಣ್ಣು ಅರ್ಧ ತೆರೆದಿತ್ತು, ಕಟ್ಟೆಯ ಮೇಲೆ ಕೂತಾಗ ಇರುತ್ತಿದ್ದ ಹಾಗೆ. ಮೂಗಿನ ಹತ್ತಿರ ಒಂದು ನೊಣ ಹರಿದಾಡುತ್ತಿತ್ತು. ನನಗೆ ಗೊತ್ತಾಯಿತು. ಕಾಕಾ ಹಿತ್ತಲಿಂದ ಬಂದು ಬಗ್ಗಿ, ನಾಯಿಯ ಮೂಗಿಗೆ ಎರಡು ಬೆರಳು ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ಕಾಕಿಯ ಎರಡು ಬೆರಳನ್ನು ಹಿಡಿದು ಅಲ್ಲಿಗೆ ತಂದಿಟ್ಟ.

ಕಾಕಿ ಅಳಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದಳು. ಬಂದಳು, ಮತ್ತೆ ಹೋಗಿ ತೊಳೆದಳು. ಸೀಗೆಪುಡಿ ಹಾಕಿ, ಬೂದಿ ಹಾಕಿ ತಿಕ್ಕಿದಳು. ಕಾಕಾ ಸಾವ್ಕಾರನನ್ನು ಹೊಲಕ್ಕೆ ಒಯ್ದು ಸುನಂದಾನ ಸಮಾಧಿಯ ಕಾಲ್ದೆಸೆಗೆ ಕುಣಿ ತೋಡಿದ. ಆ ಲಂಗದಲ್ಲೇ ಸುತ್ತಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಮುಚ್ಚಿದ. ನಾಯಿಗೆ ವಿಭೂತಿ ಹಚ್ಚಿದ್ದು ಊರಿನ ಹಿರಿಯರಿಗೆ ಸರಿ ಬರಲಿಲ್ಲವಂತೆ. ಬರದಿದ್ದರೆ ಬಿಡಲಿ.

ಮನೆಗೆ ಬಂದು ಕಾಕಾ ಸಲಿಕೆ ತೆಗೆದುಕೊಂಡು ಹಿತ್ತಲಿಗೆ ನಡೆದ. ಗುಲಾಬಿಯ ಬುಡ ಅಗೆಯಲು ಹೊರಟಿದ್ದ. ಕಾಕಿ ಓಡಿಹೋಗಿ ಕಂಟಿಗೆ ಅಡ್ಡ ನಿಂತಳು. ಮುಳ್ಳು ಬೆನ್ನಿಗೆ ಚುಚ್ಚುತ್ತಿದ್ದರೂ ಸರಿಯಲಿಲ್ಲ.

"ಅಗದರ ಬೇರು ಹರೀತಾವು. ಇದೂ ಹೋಗಲೇನು?" ಅಂದಳು. ಕಾಕಾ ಸಲಿಕೆ ಕೆಳಗಿಟ್ಟ. ಬುಡದ ಸುತ್ತ ಕಲ್ಲು ಹೊಂದಿಸಿ, ಅದರ ಮೇಲೆ ಜಾಲಿಮುಳ್ಳು ಹಾಕಿದ. ಉಳಿದ ಚೀಲವನ್ನು ಯಾರೂ ಉಳದ ದೂರದ ಪಡದಲ್ಲಿ ಆಳವಾಗಿ ಹುಗಿದು ಬಂದ.

ಆಗ ಕಾಕಿ ಕೇಳಿದಳು: "ನನಗ ಬೈಯ್ರಿ. ಒಮ್ಮೆರ ಬೈಯ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಏನಂತ ಬೈಲಿ?" ಅಂದ ಕಾಕಾ. "ಉಣಿಸಿದಿ ಅಂತ ಬೈಲೇನು?"

ಆಗ ಅವಳು ಅತ್ತಳು. ಸುನಂದಾ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಆಗ ದೇವರನ್ನು ಬೈಯಲಿಕ್ಕೆ ಬರುತ್ತಿತ್ತು. ಈಗ ಬೈಯಲು ಅವಳಿಗೆ ತನ್ನ ಕೈ ಬಿಟ್ಟರೆ ಯಾರೂ ಇರಲಿಲ್ಲ. ಮಾಲವ್ವ ಬಂದು, "ಒಂದು ನಾಯಿ ಸತ್ತದ್ದಕ್ಕ ಇಷ್ಟ್ಯಾಕ ಅಳ್ತೀಯವಾ, ತಾಂಡಾದಾಗ ಬೇಕಾದಷ್ಟು ಮರಿ ಅದಾವು, ಒಂದು ತರಸ್ಕೋ" ಅಂದಳು. ಅವಳ ನಾಲಿಗೆಗೆ ಎಲುಬಿಲ್ಲ ನಿಜ. ಆದರೆ ಆ ಗಳಿಗೆಯಲ್ಲಿ ನನ್ನ ಕೈಯಲ್ಲಿ ಕತ್ತರಿ ಇರಲಿಲ್ಲ ಎಂಬುದು ಅವಳ ಪುಣ್ಯ.

ಔಡಲ ಹಿಂಡಿ ತನ್ನ ಕೆಲಸ ಮಾಡಿತು. ದೀಪಾವಳಿಯ ಹೊತ್ತಿಗೆ ಕಂಟಿ ಕೆಂಪು ಚಿಗುರೊಡೆಯಿತು. ಗೌರಿ ಹುಣ್ಣಿಮೆಗೆ ಎಲೆ ಕಾಣದಷ್ಟು ಹೂ. ಅಷ್ಟು ಹೂ ಅದು ಸುನಂದಾ ಇದ್ದಾಗಲೂ ಬಿಟ್ಟಿರಲಿಲ್ಲ. ಆ ಸಂಜೆ ಹುಡುಗಿಯರು ಆರತಿ ಹಿಡಿದು, ರೂಢಿಯಂತೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಸಾಲಾಗಿ ಕೂತರು. "ಆಯೀ, ಹೂ ಮುಡಸು" ಅಂದರು. ಕಾಕಿ ಬಾಗಿಲಲ್ಲೇ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಹಿತ್ತಲಾಗ ಅದಾವು. ನೀವ ಹರಕೊಳ್ರಿ, ನೀವ ಮುಡ್ಕೊಳ್ರಿ" ಅಂದಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೇ ಹೋಗಿ ಹರಿದು ತಂದು ಎಲ್ಲರಿಗೂ ಮುಡಿಸಿದೆ. ಕೊನೆಗೆ ಒಂದು ಹೂ ಉಳಿಯಿತು. ಅದನ್ನು ಕಾಕಾ ಕೇಳಿ ಇಸಿದುಕೊಂಡು ಹೊಲದ ಕಡೆ ಹೋದ.

ಅವತ್ತಿನಿಂದ ಕಾಕಿ ಯಾರಿಗೂ ಕೈಯಾರೆ ಉಣಿಸಲಿಲ್ಲ. ಅಡಿಗೆ ಮಾಡುತ್ತಿದ್ದಳು, ಬಂದವರನ್ನು ಕೂರಿಸುತ್ತಿದ್ದಳು. ಬುಟ್ಟಿ, ಗಡಿಗೆ ಮುಂದೆ ಇಟ್ಟು, "ನಿಮಗ ಬೇಕಾದಷ್ಟು ಹಾಕ್ಕೊಳ್ರಿ" ಅಂದು ದೂರ ಗೋಡೆಗೊರಗಿ ಕೂರುತ್ತಿದ್ದಳು. "ಸಾಕ್ರಿ" ಅಂದರೆ ಸುಮ್ಮನಾಗುತ್ತಿದ್ದಳು. ಆ ಮನೆಯಲ್ಲಿ ಉಂಡವರು ಅರ್ಧ ಹೊಟ್ಟೆಯಲ್ಲಿ ಏಳುವುದನ್ನು ನಾನು ಮೊದಲ ಸಲ ಕಂಡೆ. ಸಾವ್ಕಾರನಿಗೆ ಉಣ್ಣಲು ತಿಳಿದದ್ದೂ ಆ ಕೈಯಿಂದಲೇ, ನನಗೆ ಊರೊಳಗೆ ಜಾಗ ಸಿಕ್ಕಿದ್ದೂ ಆ ಕೈಯಿಂದಲೇ. ಆ ಕೈಯನ್ನು ಅವಳು ಈಗ ಯಾವಾಗಲೂ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿರುತ್ತಿದ್ದಳು.

ನನ್ನ ಮದುವೆಯಾಗಿ, ಮಗಳು ಮಾಯಾ ಹುಟ್ಟಿ, ಅವಳಿಗೆ ಮೊದಲ ಸಲ ಅನ್ನ ತಿನ್ನಿಸುವ ಹೊತ್ತು ಬಂದಾಗ ನನ್ನ ಅವ್ವ ಒಂದೇ ಮಾತು ಹೇಳಿದಳು: "ಕಾಶೆವ್ವನ ಮನಿಗೆ ಒಯ್ಯಿ. ಮೊದಲನೇ ತುತ್ತು ಆ ಕೈಯಿಂದನ ಆಗಲಿ." ನನ್ನ ಮನಸ್ಸಿನಲ್ಲಿಯೂ ಅದೇ ಇತ್ತು. ಇದೊಂದಕ್ಕೆ ಆ ಕೈ ಬಿಚ್ಚೀತು ಅಂತ ಆಸೆ.

ಕಾಕಿ ಕೂಸನ್ನು ಕಂಡು ಬಹಳ ಸಂತೋಷಪಟ್ಟಳು. ಹಾಲು, ಬೆಲ್ಲ, ಅನ್ನ ಮೆತ್ತಗೆ ಕಿವುಚಿದ ಬಟ್ಟಲನ್ನು ನಾನು ಮುಂದಿಟ್ಟು, "ಕಾಕಿ, ನನಗ ಹಾಕಿದಂಗ ಇವಳಿಗೂ ಹಾಕ್ರಿ" ಅಂದೆ. ಅವಳು ನನ್ನನ್ನು ನೋಡಿದಳು. ಎದ್ದು ಬಚ್ಚಲಿಗೆ ಹೋದಳು. ನೀರಿನ ಸಪ್ಪಳ ಬಹಳ ಹೊತ್ತು ಕೇಳಿಸಿತು. ಬಂದು ಕೂತು, ಮೂರು ಬೆರಳಲ್ಲಿ ಚೂರು ಅನ್ನ ತೆಗೆದುಕೊಂಡು ಕೂಸಿನ ಬಾಯಿಯ ಹತ್ತಿರ ತಂದಳು. ಮಾಯಾ ಬಾಯಿ ತೆರೆದಳು.

ಕೈ ಅಲ್ಲೇ ನಿಂತಿತು. ಬೆಲ್ಲದ ವಾಸನೆ ಅವಳ ಮೂಗಿಗೆ ಬಡಿದಿರಬೇಕು. ಆ ತುತ್ತನ್ನು ತಂದು ನನ್ನ ಅಂಗೈಯಲ್ಲಿಟ್ಟಳು.

"ನೀನ ತಿನ್ಸು, ನನ್ನವ್ವಾ. ನೀ ತಾಯಿ. ನನ್ನ ಕೈ ಬ್ಯಾಡ."

ನಾನು ತಿನ್ನಿಸಿದೆ. ಕಣ್ಣು ತುಂಬಿ ಕೂಸಿನ ಬಾಯಿ ಸರಿಯಾಗಿ ಕಾಣುತ್ತಿರಲಿಲ್ಲ. ಮಾಯಾ ಚಪ್ಪರಿಸಿ ತಿಂದಳು, ಇನ್ನೂ ಬೇಕೆಂದು ಕೈ ಬಡಿದಳು. ಹೊಟ್ಟೆ ತುಂಬಿದ ಮೇಲೆ ನಡುಮನೆಯಲ್ಲಿ ಕೌದಿ ಹಾಸಿ ಮಲಗಿಸಿದೆ. ನಾನು ಪಾತ್ರೆ ತೊಳೆದು, ಕಾಕಾನ ಜೊತೆ ಕಟ್ಟೆಯ ಮೇಲೆ ಕೂತು ಅದೂ ಇದೂ ಮಾತಾಡಿ ಒಳಗೆ ಬಂದೆ. ಕಾಕಿ ಕೂಸಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಎರಡು ಬೆರಳುಗಳನ್ನು ಮಾಯಾಳ ಮೂಗಿನ ಕೆಳಗೆ ಹಿಡಿದಿದ್ದಳು. ನಾನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಹೊರಗೆ ಬಿಸಿಲು ಇಳಿಯುವವರೆಗೂ ಆ ಕೈ ಹಾಗೇ ಇತ್ತು. ಕೂಸು ಎದ್ದು ಅತ್ತ ಮೇಲೆಯೇ ಅವಳು ಅದನ್ನು ತೆಗೆದದ್ದು.